ಪರದೆಯ ಮೂಲೆಯ ಅರ್ಧ ಸಾಲು

ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಬೇವೂರಿನ ನನ್ನ ತವರುಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ತಂಗಿಯ ತಟ್ಟೆಗೆ ಅವ್ವ ಒಂದು ಚಮಚ ತುಪ್ಪ ಹೆಚ್ಚು ಹಾಕಿದರೆ ನಾನು ಊಟ ಬಿಟ್ಟು ಎದ್ದು ಹೋಗುತ್ತಿದ್ದೆ. "ಇಕಿ ಹೊಟ್ಟಿಯೊಳಗ ಬೆಂಕಿ ಹಚ್ಚೇ ಕಳಿಸ್ಯಾನ ದೇವರು" ಅನ್ನುತ್ತಿದ್ದಳು ಅವ್ವ. ಆ ಬೆಂಕಿಯನ್ನು ಆರಿಸಿಕೊಳ್ಳದೆ ಹಾಗೆಯೇ ಮದುವೆಯಾಗಿ ಗಂಗಾವತಿಗೆ ಬಂದೆ. ಬಂದ ಮೇಲೆ ಅದಕ್ಕೆ ಸೌದೆ ಹಾಕಿದ್ದು ಒಂದು ಕಂಪ್ಯೂಟರು.

ನಮ್ಮದು ಫೋಟೋ ಸ್ಟುಡಿಯೋ. ಕೆಳಗೆ ಬೀಜ-ಗೊಬ್ಬರದ ಅಂಗಡಿ, ಮೇಲೆ ನಾವು. ಯಜಮಾನರು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಇವತ್ತು ಕೊಪ್ಪಳ, ನಾಳೆ ಯಲಬುರ್ಗಾ, ನಾಡಿದ್ದು ಕಾರಟಗಿ ಎಂದು ಮದುವೆ ಮದುವೆ ತಿರುಗುತ್ತಾರೆ. ನಾನು ಕಂಪ್ಯೂಟರ್ ಮುಂದೆ ಕೂತು ಅವರು ತಂದ ಫೋಟೋಗಳನ್ನು ಆಲ್ಬಮ್ ಮಾಡುತ್ತೇನೆ. ಪಿಯುಸಿ ಆದ ಮೇಲೆ ಕೊಪ್ಪಳದಲ್ಲಿ ಆರು ತಿಂಗಳು ಡಿಟಿಪಿ ಕಲಿತಿದ್ದೆ. ಮದುವೆಯಾದ ವರ್ಷವೇ ಈ ಕುರ್ಚಿಗೆ ಕೂತವಳು, ಎರಡು ಹೆರಿಗೆಗೆ ತವರಿಗೆ ಹೋದದ್ದು ಬಿಟ್ಟರೆ ಎದ್ದದ್ದೇ ಇಲ್ಲ. ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರಿಲ್ಲ. ಕಂಪ್ಯೂಟರ್ ಶುರುವಾದಾಗಲೂ "ಸ್ವಾಗತ" ಎಂದು ಯಜಮಾನರ ಹೆಸರನ್ನೇ ತೋರಿಸುತ್ತದೆ. ಅದರ ಮುಂದೆ ಕೂರುವವಳು ಬೇರೆ ಎಂದು ಅದಕ್ಕೆ ಇವತ್ತಿಗೂ ತಿಳಿದಿಲ್ಲ.

ಫುಲ್ ಸ್ಕ್ರೀನ್ ಎಂದರೆ ನನಗೆ ಏನು ಎಂಬುದನ್ನು ಹೇಳಬೇಕು. ಒಂದು ಕೀಲಿ ಒತ್ತಿದರೆ ಮೇಲಿನ ಪಟ್ಟಿ, ಕೆಳಗಿನ ಗಡಿಯಾರ, ಪಕ್ಕದ ಸಾಮಾನು ಸರಂಜಾಮು ಎಲ್ಲ ಮಾಯವಾಗಿ, ಪರದೆಯ ಈ ಅಂಚಿನಿಂದ ಆ ಅಂಚಿನ ತನಕ ಮದುಮಗಳ ಮುಖ ಒಂದೇ ಉಳಿಯುತ್ತದೆ. ಆಗ ನನಗೆ ಕೆಳಗಿನ ಅಂಗಡಿಯ ಗಲಾಟೆ ಕೇಳುವುದಿಲ್ಲ, ಒಲೆಯ ಮೇಲಿಟ್ಟ ಹಾಲು ನೆನಪಾಗುವುದಿಲ್ಲ. ಮೂಗುತಿಯ ಮೇಲೆ ಬಿದ್ದ ಬೆಳಕು ಎಷ್ಟು ಹೆಚ್ಚಾಗಿದೆ, ಎಷ್ಟು ಕಡಿಮೆ ಮಾಡಬೇಕು, ಅಷ್ಟೇ ಲೋಕ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲು ನನಗೆ ಬೇರೆ ಕೋಣೆ ಯಾವತ್ತೂ ಸಿಕ್ಕಿರಲಿಲ್ಲ, ಇದು ಸಿಕ್ಕಿತ್ತು.

ಆ ಕೋಣೆಗೆ ಮೊದಲು ನುಗ್ಗಿದ್ದು ವೈರಸ್ ತಡೆಯುವ ಸಾಫ್ಟ್‌ವೇರು. ಆಲ್ಬಮ್ ಮಾಡುವ ಮುಂಚೆ ಮದುವೆ ಮನೆಯವರು ಬಂದು ಯಾವ ಫೋಟೋ ಬೇಕು, ಯಾವುದು ಬೇಡ ಎಂದು ಆರಿಸುತ್ತಾರೆ. ಅದಕ್ಕೆ ಸೆಲೆಕ್ಷನ್ ಎನ್ನುತ್ತೇವೆ. ನನ್ನ ಕುರ್ಚಿಯ ಹಿಂದೆ ಎರಡು ಬೆಂಚು ಹಾಕಿ, ಅವರನ್ನು ಕೂರಿಸಿ, ಫೋಟೋಗಳನ್ನು ಫುಲ್ ಸ್ಕ್ರೀನ್‌ನಲ್ಲಿ ಒಂದೊಂದಾಗಿ ತೋರಿಸುತ್ತ ಹೋಗುವುದು. ಕೆಲವು ವರ್ಷಗಳ ಹಿಂದೆ ಹೀಗೆ ಯಲಬುರ್ಗಾ ಕಡೆಯ ಒಂದು ಕುಟುಂಬ ಕೂತಿತ್ತು. ಸರಿಯಾಗಿ ತಾಳಿ ಕಟ್ಟುವ ಫೋಟೋ ಬಂದಾಗ ಬಲಗಡೆಯ ಕೆಳಮೂಲೆಯಲ್ಲಿ ಕೆಂಪು ಚೌಕವೊಂದು ಎದ್ದು ಇಂಗ್ಲಿಷಿನಲ್ಲಿ ಏನೋ ಹೇಳಿತು. ಮದುಮಗನ ತಮ್ಮ ಅದನ್ನು ಎಲ್ಲರಿಗೂ ತಿಳಿಸಿ ಹೇಳಿದ: "ನಿಮಗ ಅಪಾಯ ಐತಿ ಅಂತ ಬಂದೈತ್ರಿ."

ಅಜ್ಜಿ ಎದ್ದು ನಿಂತೇಬಿಟ್ಟಳು. "ತಾಳಿ ಕಟ್ಟೂ ಹೊತ್ತಿನ್ಯಾಗ ಅಪಾಯ ಅಂತ ಬಂತಲ್ಲೋ! ಬಂದ್ ಮಾಡಬೇ ತಂಗಿ, ಮೊದಲ ಬಂದ್ ಮಾಡು!"

ಅಪಾಯ ಇರುವುದು ನಮ್ಮ ಕಂಪ್ಯೂಟರಿಗೆ, ನಿಮ್ಮ ಮೊಮ್ಮಗನಿಗಲ್ಲ, ಅದರ ವರ್ಷದ ಅವಧಿ ಮುಗಿದಿದೆ ಎಂದು ಹೇಳಿ ಸಮಾಧಾನ ಮಾಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅಂದೇ ಯಜಮಾನರು ಸೆಟ್ಟಿಂಗ್ ಹುಡುಕಿ, ಫುಲ್ ಸ್ಕ್ರೀನ್‌ನಲ್ಲಿ ಇರುವಾಗ ಯಾವ ಸೂಚನೆಯೂ ಮೇಲೆ ಬರಬಾರದು ಎಂದು ಹಚ್ಚಿಟ್ಟರು. ಬಂದದ್ದೆಲ್ಲ ಒಳಗೆ ಒಂದು ಪಟ್ಟಿಯಲ್ಲಿ ಕೂತಿರುತ್ತಿತ್ತು. ನಾನು ಫುಲ್ ಸ್ಕ್ರೀನ್‌ನಿಂದ ಹೊರಗೆ ಬಂದಾಗ "ನೀವು ಇಲ್ಲದಾಗ ಇವರೆಲ್ಲ ಬಂದಿದ್ದರು" ಎನ್ನುವ ಹಾಗೆ ಅದನ್ನು ತೋರಿಸುತ್ತಿತ್ತು. ನನ್ನ ಪ್ರಕಾರ ಅದೇ ಸರಿಯಾದ ಮರ್ಯಾದೆ. ಆ ವ್ಯವಸ್ಥೆಯನ್ನು ಕೈಯಾರೆ ಕೆಡಿಸಿದವಳೂ ನಾನೇ.

ಯಜಮಾನರ ಫೋನಿಗೆ ಬರುವ ಮೆಸೇಜುಗಳು ಕಂಪ್ಯೂಟರಿಗೂ ಬರುವಂತೆ ಜೋಡಿಸಿದ್ದೆವು. ಗಿರಾಕಿಗಳು ಹಳೆಯ ಫೋಟೋ ಕಳಿಸುತ್ತಾರೆ, ಹೆಸರು ಬರೆದು ಕಳಿಸುತ್ತಾರೆ, ಅದು ನನಗೆ ಬೇಕಾಗುತ್ತಿತ್ತು. ಯಜಮಾನರದು ಒಂದು ರೂಢಿ, ಯಾರ ನಂಬರನ್ನೂ ಹೆಸರಿನಿಂದ ಉಳಿಸಿಕೊಳ್ಳುವುದಿಲ್ಲ, ಊರಿನಿಂದ ಉಳಿಸಿಕೊಳ್ಳುತ್ತಾರೆ. ಕೊಪ್ಪಳ ಡ್ರೋನ್, ಕಾರಟಗಿ ಹಾಲ್, ಶ್ರೀರಾಮನಗರ ಬೀಗರು. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದ ದಿನಗಳಲ್ಲಿ, ಒಂದು ಮಧ್ಯಾಹ್ನ ಫುಲ್ ಸ್ಕ್ರೀನ್‌ನಿಂದ ಹೊರಗೆ ಬಂದಾಗ ಆ ಪಟ್ಟಿಯಲ್ಲಿ ಒಂದು ಹೊಸ ಊರಿತ್ತು. ಕುಷ್ಟಗಿ ಮೇಡಂ.

ಅದರ ಕೆಳಗೆ ಅರ್ಧ ಸಾಲು: "ನೀವು ಹೂಂ ಅನ್ನೂ ತನಕ ನನಗ ಸಮಾಧಾನ ಇಲ್ರಿ, ಒಂದ ಸಲ…"

ಅಷ್ಟೇ. ಆ ಮೂರು ಚುಕ್ಕೆಗಳಾದ ಮೇಲೆ ಏನಿತ್ತು ಎಂದು ಪರದೆ ಹೇಳಲಿಲ್ಲ. ನಾನು ನೋಡುತ್ತಿರುವಾಗಲೇ ಆ ಸಾಲು ಕೂಡ ಮಾಯವಾಯಿತು. ಅಂದರೆ ಅದೇ ಹೊತ್ತಿಗೆ ಎಲ್ಲೋ ಒಂದು ಕಲ್ಯಾಣ ಮಂಟಪದಲ್ಲಿ ನಿಂತು ಯಜಮಾನರು ಅದನ್ನು ತಮ್ಮ ಫೋನಿನಲ್ಲಿ ತೆರೆದು ಓದಿದ್ದರು. ಅಲ್ಲಿ ಓದಿದರೆ ಇಲ್ಲಿ ಅಳಿಸಿಹೋಗುತ್ತದೆ ಎಂದು ನನಗೆ ಹೊಳೆದದ್ದೇ ಆಗ. ಹಾಗಾದರೆ ನಾನು ಫುಲ್ ಸ್ಕ್ರೀನ್‌ನಲ್ಲಿ ಮುಳುಗಿರುವಾಗ ಇಂಥವು ಎಷ್ಟು ಬಂದವೋ, ಎಷ್ಟು ಓದಿಸಿಕೊಂಡು ಹೋದವೋ ಎಂದು ಲೆಕ್ಕ ಹಾಕುತ್ತ ಕೂತೆ. 

ಯಾಕೆ ತೆರೆದು ಪೂರ್ತಿ ಓದಲಿಲ್ಲ ಎಂದು ನೀವು ಕೇಳಬಹುದು. ತೆರೆಯಬಹುದಿತ್ತು, ಹಳೆಯ ಮೆಸೇಜೂ ಅಲ್ಲೇ ಇರುತ್ತಿದ್ದವು. ಆದರೆ ಹೊಸದೊಂದನ್ನು ನಾನು ಮೊದಲು ತೆರೆದರೆ ಟಿಕ್ ಗುರುತು ನೀಲಿಯಾಗಿ, ಅವರು ನೋಡುವ ಮುಂಚೆಯೇ ಇಲ್ಲಿ ಯಾರೋ ನೋಡಿದ್ದಾರೆಂದು ಇಬ್ಬರಿಗೂ ತಿಳಿಯುತ್ತದೆ. ಹಳೆಯದನ್ನು ತೆರೆದರೆ ನನಗೇ ತಿಳಿಯುತ್ತದೆ, ನಾನು ಗಂಡನ ಮೆಸೇಜು ಕದ್ದು ಓದುವ ಹೆಂಗಸು ಎಂದು. ನನಗೆ ಹೊಟ್ಟೆಕಿಚ್ಚು ಎಷ್ಟಿದೆಯೋ ಬಿಗುಮಾನವೂ ಅಷ್ಟೇ ಇದೆ. ತಾನಾಗಿ ಎದುರಿಗೆ ಬಂದದ್ದನ್ನು ಓದಿದರೆ ತಪ್ಪಿಲ್ಲ, ನಾನಾಗಿ ಹೋಗಿ ತೆರೆಯಬಾರದು ಎಂದು ನನಗೆ ನಾನೇ ಒಂದು ಕಾಯಿದೆ ಮಾಡಿಕೊಂಡೆ.

ತಾನಾಗಿ ಎದುರಿಗೆ ಬರಬೇಕಾದರೆ ದಾರಿ ಬಿಡಬೇಕಲ್ಲ. ಮರುದಿನ ಬೆಳಿಗ್ಗೆ ಯಜಮಾನರು ಕ್ಯಾಮೆರಾ ಚೀಲ ಎತ್ತಿಕೊಂಡು ಮೆಟ್ಟಿಲು ಇಳಿದ ತಕ್ಷಣ ನಾನು ಆ ಸೆಟ್ಟಿಂಗ್ ತೆರೆದು, ಫುಲ್ ಸ್ಕ್ರೀನ್‌ನಲ್ಲಿ ಇರುವಾಗಲೂ ಮೆಸೇಜು ಮೇಲೆ ಬರಲಿ ಎಂದು ಬದಲಿಸಿದೆ. ಕೆಲಸಕ್ಕೆ ಅಡ್ಡಿಯಾಗಬಾರದು ಎಂದು ಜಗತ್ತೆಲ್ಲ ಅದನ್ನು ಮುಚ್ಚುತ್ತದೆ, ನಾನು ಅಡ್ಡಿಯಾಗಲಿ ಎಂದೇ ತೆರೆದೆ.

ಆಮೇಲೆ ನನ್ನ ಕಣ್ಣು ಮದುಮಗಳ ಮುಖದ ಮೇಲೆ ನಿಲ್ಲಲೇ ಇಲ್ಲ. ಕೈ ಮೌಸಿನ ಮೇಲೆ, ಕಣ್ಣು ಬಲಗಡೆಯ ಕೆಳಮೂಲೆಯಲ್ಲಿ. ಚೌಕ ಏಳುತ್ತಿತ್ತು, ಐದೆಣಿಸುವಷ್ಟರಲ್ಲಿ ಬೀಳುತ್ತಿತ್ತು. ಹತ್ತರಲ್ಲಿ ಒಂಬತ್ತು "ಅಣ್ಣಾರ, ಆಲ್ಬಮ್ ಯಾವಾಗ ಕೊಡ್ತೀರಿ" ಎನ್ನುವವು. ಆದರೆ ದಿನಕ್ಕೊಂದಾದರೂ ಕುಷ್ಟಗಿಯದು ಇರುತ್ತಿತ್ತು.

"ಮೊನ್ನಿದು ಕಣ್ಣ ಮುಂದಿಂದ ಹೋಗವಲ್ದ್ರಿ, ಅಷ್ಟ ಛಲೋ…"

ಇನ್ನೊಂದು ದಿನ: "ನಿಮ್ಮಂಗ ತಿಳಿಸಿ ಹೇಳೋರು ಯಾರೂ ಸಿಕ್ಕಿದ್ದಿಲ್ರಿ, ಖರೇ ಅಂದ್ರ…"

ಮೊನ್ನೆಯದು ಏನು ಛಲೋ ಆಯಿತು? ಖರೇ ಅಂದರೆ ಏನು? ಮೊನ್ನೆ ಯಜಮಾನರು ಎಲ್ಲಿದ್ದರು ಎಂದು ನೆನಪಿಸಿಕೊಂಡೆ. ಕೊಪ್ಪಳದ ಮದುವೆ ಎಂದು ಹೇಳಿ ಹೋದವರು, ತಡವಾಗಿ ಬಂದು, ಊಟ ಆಗಿದೆ ಎಂದಿದ್ದರು. ಕೊಪ್ಪಳದಿಂದ ಕುಷ್ಟಗಿ ಎಷ್ಟು ದೂರ, ಬೈಕಿನಲ್ಲಿ ಎಷ್ಟು ಹೊತ್ತು, ಎಲ್ಲ ಮನಸ್ಸಿನಲ್ಲೇ ಓಡಿಸಿದೆ. ಆ ಹೆಂಗಸನ್ನು ನಾನು ನೋಡಿರಲಿಲ್ಲವಾದರೂ ಅವಳ ಸೀರೆಯ ಬಣ್ಣದ ತನಕ ಕಟ್ಟಿಕೊಂಡೆ. ಕಡುನೀಲಿ, ಸಣ್ಣ ಅಂಚು. ನನಗೆ ಒಪ್ಪದ ಬಣ್ಣ.

ಮನೆಯಲ್ಲಿ ನಾನು ನೇರವಾಗಿ ಏನೂ ಕೇಳಲಿಲ್ಲ. ಸುತ್ತಿ ಬಳಸಿ ಚುಚ್ಚುತ್ತಿದ್ದೆ.

"ಇವತ್ತ ಕುಷ್ಟಗಿ ಕಡೆ ಹೋಗೂದೈತೇನ್ರಿ?"

"ಇಲ್ಲಲ್ಲ. ಯಲಬುರ್ಗಾದಾಗ ಮದುವಿ ಮನಿ ಸುರಗಿ ಶಾಸ್ತ್ರ ಐತಿ, ನಿನ್ನಿನ ಹೇಳಿದ್ನೆಲ್ಲ."

"ಹಂಗಾರ ಸೀದಾ ಮನಿಗೇ ಬರ್ತೀರಿ."

"ಮತ್ತೆಲ್ಲಿಗೆ ಹೋಗ್ಲಿ?" ಎಂದು ಅವರು ರೊಟ್ಟಿ ಮುರಿಯುತ್ತ ನನ್ನ ಮುಖ ನೋಡುತ್ತಿದ್ದರು. "ಕಣ್ಣ ಕೆಂಪಗಾಗ್ಯಾವು ನಿನ್ನೂ. ಕಂಪ್ಯೂಟರ್ ಮುಂದ ಭಾಳ ಕೂಡಬ್ಯಾಡ."

ಆ ಮಾತು ಇನ್ನೂ ಹೊತ್ತಿಸುತ್ತಿತ್ತು. ನನ್ನನ್ನು ಕಂಪ್ಯೂಟರ್ ಮುಂದಿನಿಂದ ಎಬ್ಬಿಸಲು ಇವರಿಗೆ ಯಾಕಿಷ್ಟು ಅವಸರ ಎಂದು ಯೋಚಿಸುತ್ತಿದ್ದೆ. ಒಂದು ಕಡೆ ನೋಡಿದರೆ ಕೆಲಸವೂ ಕಡಿಮೆಯಾಗಿತ್ತು. ಆ ಸೀಸನ್ನಿನಲ್ಲಿ ಯಜಮಾನರು ನನಗೆ ಬರೀ ಆಯೇರಿ ಪೇಜುಗಳನ್ನೇ ಕೊಡುತ್ತಿದ್ದರು. ಉಳಿದದ್ದು ಆಮೇಲೆ ನೋಡೋಣ, ಗಿರಾಕಿಗಳು ಇನ್ನೂ ಆರಿಸಿಲ್ಲ ಎನ್ನುತ್ತಿದ್ದರು.

ಆಯೇರಿ ಎಂದರೆ ಮದುವೆಯಲ್ಲಿ ಬೀಗರು, ನೆಂಟರು ಸೀರೆ, ಧೋತರ, ಟವೆಲು ಕೊಟ್ಟು ಗೌರವಿಸುವುದು. ನಮ್ಮ ಕಡೆ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಫೋಟೋ ಮಸುಕಾಗಿದ್ದರೂ ನಡೆಯುತ್ತದೆ, ಆಯೇರಿ ಮಾಡಿದ ಒಬ್ಬರೇ ಒಬ್ಬರು ತಪ್ಪಿದರೂ ನಡೆಯುವುದಿಲ್ಲ. ದೊಡ್ಡ ಸೋದರಮಾವ ಮೇಲಿನ ಸಾಲಿನಲ್ಲಿರಬೇಕು, ಸಣ್ಣವನು ಅವನ ಪಕ್ಕದಲ್ಲಿ, ಗಂಡಿನ ಕಡೆಯ ಅತ್ತಿಗೆ ಹೆಣ್ಣಿನ ಕಡೆಯವರ ನಡುವೆ ಸಿಕ್ಕಿಕೊಳ್ಳಬಾರದು. ಯಾರು ಯಾರಿಗೆ ಏನಾಗಬೇಕು ಎಂದು ಮುಖ ನೋಡಿಯೇ ಸಾಲು ಹಚ್ಚುವವಳು ಈ ನಾಲ್ಕು ತಾಲೂಕಿನಲ್ಲಿ ನಾನೊಬ್ಬಳೇ ಎಂಬುದು ನನ್ನ ನಂಬಿಕೆ. ಆದ್ದರಿಂದ ಆಯೇರಿ ಪೇಜು ಮಾತ್ರ ಕೊಟ್ಟಾಗ ನನಗೆ ಅನುಮಾನ ಬರಲಿಲ್ಲ, ನಂಬಿಕೆಯಿಂದ ಕೊಡುತ್ತಿದ್ದಾರೆ ಎಂದುಕೊಂಡೆ.

ಆ ನಂಬಿಕೆಯನ್ನೂ ನಾನೇ ಕೆಡಿಸಿಕೊಂಡೆ. ಯಲಬುರ್ಗಾದ ಆ ಸುರಗಿಯ ಮನೆಯ ಆಯೇರಿ ಪೇಜು ಮಾಡುತ್ತಿದ್ದೆ. ದೊಡ್ಡ ಮಾವನ ಫೋಟೋ ಹಿಡಿದು ಮೇಲಿನ ಸಾಲಿಗೆ ಎಳೆಯುತ್ತಿರುವಾಗ ಮೂಲೆಯಲ್ಲಿ ಚೌಕ ಎದ್ದಿತು.

"ಮನ್ಯಾಗ ಗೊತ್ತಾದ್ರ ಬ್ಯಾಸರ ಮಾಡ್ಕೊಂತಾರೇನ್ರಿ ಅವರು, ನಾನ…"

ನಾನ, ಏನು? ಬಿದ್ದುಹೋದ ಚೌಕದ ಜಾಗವನ್ನೇ ನೋಡುತ್ತ ಕೂತೆ.  "ಅವರು" ಎಂದರೆ ನಾನು. ನನಗೆ ಗೊತ್ತಾಗಬಾರದ್ದು ಒಂದಿದೆ ಎಂದು ನನ್ನದೇ ಪರದೆ ನನಗೇ ಹೇಳಿ, ಐದೆಣಿಸುವಷ್ಟರಲ್ಲಿ ಬಾಯಿ ಮುಚ್ಚಿಕೊಂಡಿತ್ತು. ಅವತ್ತು ಕೈ ಏನು ಮಾಡಿತೋ ನನಗೆ ಎಚ್ಚರವಿಲ್ಲ. ಆಲ್ಬಮ್ ಪ್ರಿಂಟಾಗಿ ಹೋದ ಮೇಲೆ ಆ ಮನೆಯವರು ವಾಪಸ್ ತಂದು ಟೇಬಲ್ಲಿನ ಮೇಲೆ ಕುಕ್ಕಿದರು. ಸಣ್ಣ ಮಾವ ಎರಡು ಸಲ ಇದ್ದ, ದೊಡ್ಡ ಮಾವ ಎಲ್ಲೂ ಇರಲಿಲ್ಲ. "ಹಿರ್‍ಯಾರನ್ನ ಬಿಟ್ಟು ಸಣ್ಣಾಂವನ್ನ ಎರಡೆರಡು ಸಲ ಹಾಕೀರಿ, ನಮ್ಮ ಮನಿಯಾಗ ಜಗಳ ಹಚ್ಚಬೇಕಂತ ಮಾಡೀರೇನ್ರಿ?" ಎಂದು ಆ ಹೆಣ್ಣುಮಗಳು ಯಜಮಾನರನ್ನು ನಿಲ್ಲಿಸಿ ಬೈದಳು. ಅವರು "ತಪ್ಪ ನಂದ್ರಿ, ಬದಲಿ ಮಾಡಿಸಿ ಕೊಡ್ತೀನಿ" ಎಂದು ತಲೆ ತಗ್ಗಿಸಿ ಒಪ್ಪಿಕೊಂಡರು. ನನಗೆ ಒಂದು ಮಾತು ಅನ್ನಲಿಲ್ಲ. ತಪ್ಪು ಮಾಡಿದವರು ಹೀಗೇ ಮೆತ್ತಗಾಗುತ್ತಾರೆ ಎಂದು ನಾನು ಅದನ್ನೂ ಅವರ ಮೇಲೆಯೇ ಹೊರಿಸಿದೆ.

ಅದಾಗಿ ಒಂದು ವಾರಕ್ಕೆ ಕಾರಟಗಿಯ ಅಕ್ಕಿ ಗಿರಣಿಯವರ ಮನೆಯವರು ಸೆಲೆಕ್ಷನ್ನಿಗೆ ಬಂದರು. ದೊಡ್ಡ ಮದುವೆ. ಮದುಮಗಳು, ಅವಳ ತಾಯಿ, ಮತ್ತು ಎಲ್ಲರಿಗಿಂತ ಮುಂದೆ ಕೂತ ಅವಳ ಅಜ್ಜಿ. ಆಯೇರಿ ಫೋಟೋಗಳನ್ನು ಆರಿಸುವುದಷ್ಟೇ ಅವತ್ತಿನ ಕೆಲಸ, ಉಳಿದದ್ದನ್ನು ತಾವೇ ಅವರ ಮನೆಗೆ ಹೋಗಿ ಆರಿಸಿಕೊಂಡು ಬಂದಿರುವುದಾಗಿ ಯಜಮಾನರು ಹೇಳಿಹೋಗಿದ್ದರು. ಅಜ್ಜಿ ಬೆರಳು ಮಡಿಚಿ ಎಣಿಸುತ್ತಿದ್ದಳು. "ಇಂವ ನಮ್ಮ ತಂಗಿ ಮಗ, ಸೀರಿ ಭಾರೀದು ತಂದಿದ್ದ, ಇಂವನ್ನ ದೊಡ್ಡದು ಮಾಡಬೇ. ಈಕಿ ಬರೇ ಕುಬಸ ತಂದಿದ್ಲು, ಸಣ್ಣದು ಸಾಕು." ಮದುಮಗಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಅರ್ಧ ಕಣ್ಣು ಮೂಲೆಯಲ್ಲಿ.

ಚೌಕ ಎದ್ದಿತು. ಈ ಸಲ ಹಿಂದೆ ಕೂತಿದ್ದ ಮದುಮಗಳ ಕಣ್ಣು ನನಗಿಂತ ಚುರುಕಾಗಿತ್ತು. ಗಟ್ಟಿಯಾಗಿ ಓದಿಯೇಬಿಟ್ಟಳು.

"ಕುಷ್ಟಗಿ ಮೇಡಂ. ಕಾರಟಗಿ ಮದುವಿ ಶೀಟೆಲ್ಲಾ ಮುಗದಾವ್ರಿ, ಆಯೇರಿ ಬಿಟ್ಟು. ಅದನ್ನ ಮನ್ಯಾಗ ಅಕ್ಕಾರು…" ಓದಿ ಮುಗಿಸಿ ನನ್ನ ಕಡೆ ತಿರುಗಿದಳು. "ಅಕ್ಕಾರ, ನಮ್ಮ ಮದುವಿದ ಅಲ್ಲೇನ್ರಿ ಇದು? ನಮ್ಮ ಆಲ್ಬಮ್ ನೀವ್ ಮಾಡಾಕತ್ತಿಲ್ಲೇನ್ರಿ?"

ಶೀಟು ಎಂದರೆ ಆಲ್ಬಮ್ಮಿನ ಎರಡು ಪುಟ ಸೇರಿದ ಅಗಲ ಹಾಳೆ. ಅದನ್ನು ಮಾಡುವುದು ನಾನು. ಹದಿನೈದು ವರ್ಷದಿಂದ ಈ ಸ್ಟುಡಿಯೋದಲ್ಲಿ ಆ ಕೆಲಸ ಮಾಡಿದವರು ಇನ್ನೊಬ್ಬರಿಲ್ಲ. ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಅಜ್ಜಿ "ಮುಂದಿಂದು ತೋರಸಬೇ" ಎಂದಳು. ತೋರಿಸಿದೆ. ಅವತ್ತು ಉಳಿದ ಎಲ್ಲ ನೆಂಟರನ್ನೂ ಒಬ್ಬರನ್ನೂ ತಪ್ಪಿಸದೆ ಆರಿಸಿಕೊಟ್ಟೆ, ಚಹಾ ತರಿಸಿದೆ, ಮೆಟ್ಟಿಲ ತನಕ ಹೋಗಿ ಕಳಿಸಿ ಬಂದೆ.

ಬಂದು ನನ್ನ ಕಾಯಿದೆ ಮುರಿದೆ. ಎಲ್ಲ ಮೆಸೇಜುಗಳನ್ನೂ ತೆರೆದು ಮೊದಲಿನಿಂದ ಓದಿದೆ. ನೀವು ಹೂಂ ಅನ್ನೂ ತನಕ ಸಮಾಧಾನ ಇಲ್ರಿ, ಒಂದ ಸಲ ಶೀಟ್ ನೋಡಿ ಹೇಳ್ರಿ. ಮೊನ್ನಿದು ಕಣ್ಣ ಮುಂದಿಂದ ಹೋಗವಲ್ದ್ರಿ, ಅಷ್ಟ ಛಲೋ ಬೆಳಕಿನ್ಯಾಗ ತಗದೀರಿ ಫೋಟೋ. ಮನ್ಯಾಗ ಗೊತ್ತಾದ್ರ ಬ್ಯಾಸರ ಮಾಡ್ಕೊಂತಾರೇನ್ರಿ ಅವರು, ನಾನ ಅಕ್ಕಾರ ಜೋಡಿ ಮಾತಾಡ್ಲೇನು? ಎಲ್ಲ ಅರ್ಧ ಸಾಲುಗಳಿಗೂ ಇನ್ನರ್ಧ ಇತ್ತು. ಕುಷ್ಟಗಿಯವಳು ಆಲ್ಬಮ್ ಶೀಟು ಮಾಡಿಕೊಡುವವಳು, ಅಷ್ಟೇ. ಗಂಡ ಎಲ್ಲೂ ಹೋಗಿರಲಿಲ್ಲ. ಹೋದದ್ದು ನನ್ನ ಕೆಲಸ.

ಒಂದು ಕ್ಷಣ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬಂದದ್ದು ಮೊದಲಿನ ಉರಿಗಿಂತ ದೊಡ್ಡ ಉರಿ. ಗಂಡ ಇನ್ನೊಬ್ಬಳ ಹಿಂದೆ ಬಿದ್ದಿದ್ದರೆ ಬೇವೂರಿನಿಂದ ಅಣ್ಣಂದಿರು ಬರುತ್ತಿದ್ದರು, ಹಿರಿಯರು ಕೂರುತ್ತಿದ್ದರು, ಇಡೀ ಓಣಿ ನನ್ನ ಕಡೆ ನಿಲ್ಲುತ್ತಿತ್ತು. ಇದಕ್ಕೆ ಯಾರು ಕೂರುತ್ತಾರೆ? ನನಗಿಂತ ಅವಳ ಶೀಟು ಛಲೋ ಅಂತ ಗಂಡ ನನ್ನ ಕೆಲಸ ಅವಳಿಗೆ ಕೊಟ್ಟಾನ್ರಿ ಎಂದು ಯಾರ ಮುಂದೆ ಅಳಬೇಕು?

ಸಂಜೆ ಯಜಮಾನರು ಬಂದಾಗ ಚೀಲ ಇಳಿಸಲೂ ಬಿಡಲಿಲ್ಲ.

"ಎಷ್ಟ ಮದುವಿ ಕೊಟ್ಟೀರಿ ಕುಷ್ಟಗಿಯಾಕಿಗೆ?"

ಅವರು ಪರದೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಬೆಂಚಿನ ಮೇಲೆ ಕೂತರು. "ಆರು."

"ಯಾಕ?"

"ಮಂದಿ ಫೋನಿನ್ಯಾಗ ನೋಡ್ಕೊಂಡ ಬಂದು ಇಂಥಾದ್ದ ಬೇಕು ಅಂತಾರ. ಶ್ರೀರಾಮನಗರದ ಕಡೆಯವರ ಆಲ್ಬಮ್ ನೋಡಿ ಎಲ್ಲಾರಿಗೂ ಅದ ನಮೂನಿ ಬೇಕಾಗೈತಿ. ನಮ್ಮ ಶೀಟು ಹಳೀವು ಅಂತ ಇಬ್ರು ವಾಪಸ್ ಹೋದ್ರು. ಅದನ್ನ ನಿನಗ ಹೆಂಗ ಹೇಳ್ಲಿ? ಅಳತಿದ್ದಿ, ಇಲ್ಲಾಂದ್ರ ಜಗಳ ತಗೀತಿದ್ದಿ."

"ಎರಡೂ ಮಾಡ್ತಿದ್ದೆ. ಮಾಡಿ, ಕಲೀತಿದ್ದೆ."

 ಅವರು ಲೆನ್ಸಿನ ಮುಚ್ಚಳ ತೆಗೆದು ಒರೆಸುತ್ತ ಕೂತರು, ಸ್ವಚ್ಛವಾಗಿದ್ದದ್ದನ್ನೇ ಮತ್ತೆ ಮತ್ತೆ. "ತೋರಸ್ರಿ ಆಕಿ ಮಾಡಿದ್ದು" ಎಂದೆ. "ಬ್ಯಾಡ" ಎಂದರು. ನಾನೇ ತೆರೆದೆ. ಕಾರಟಗಿ ಮದುವೆಯ ಮೊದಲ ಶೀಟು. ಫುಲ್ ಸ್ಕ್ರೀನ್ ಮಾಡಿದೆ.

ಮದುಮಗಳು ಬಲಗಡೆ ಒಂದು ಅಂಚಿನಲ್ಲಿ ಕೂತಿದ್ದಳು. ಅರಿಷಿಣದ ಕೈ ಮಡಿಲಲ್ಲಿ. ಉಳಿದ ಅಷ್ಟೂ ಅಗಲ ಖಾಲಿ ಗೋಡೆ. ಅಷ್ಟೇ. ನಾನಾಗಿದ್ದರೆ ಆ ಜಾಗದಲ್ಲಿ ಒಂಬತ್ತು ಜನರನ್ನು ಕೂರಿಸುತ್ತಿದ್ದೆ. ಮೂಲ ಫೋಟೋ ನನಗೆ ಗೊತ್ತಿತ್ತು, ಆ ಹುಡುಗಿಯ ಪಕ್ಕದಲ್ಲಿ ಚಿಕ್ಕಮ್ಮ ಇದ್ದಳು, ಹಿಂದೆ ಯಾರದೋ ಕೈ ಇತ್ತು. ಎಲ್ಲರನ್ನೂ ತೆಗೆದು ಹುಡುಗಿಯನ್ನು ಒಬ್ಬಳನ್ನೇ ಬಿಟ್ಟಿದ್ದಳು ಕುಷ್ಟಗಿಯವಳು. ಆ ಮದುವೆಯಲ್ಲಿ ಸಾವಿರಾರು ಜನರ ನಡುವೆ ಆ ಹುಡುಗಿಗೆ ಒಂದು ಗಳಿಗೆ ತಾನೊಬ್ಬಳೇ ಅನ್ನಿಸಿದ್ದು ಆ ಶೀಟಿನಲ್ಲಿ ಕಾಣುತ್ತಿತ್ತು. ಆಯೇರಿ ಸಾಲು ಹಚ್ಚಿ ಹಚ್ಚಿ ನನ್ನ ಕಣ್ಣಿಗೆ ಖಾಲಿ ಜಾಗ ಕಂಡರೆ ಯಾರೋ ಒಬ್ಬ ಮಾವ ತಪ್ಪಿದ ಹಾಗೆ ಭಯವಾಗುತ್ತದೆ. ಅವಳಿಗೆ ಆ ಭಯವಿರಲಿಲ್ಲ. ಶೀಟು ಛಲೋ ಇತ್ತು. ನನಗೆ ಅಳು ಬಂದದ್ದು ಅದಕ್ಕೇ.

ಆದರೂ ಸುಮ್ಮನೆ ಬಿಡುವವಳಲ್ಲ ನಾನು. ಮೂರು ದಿನ ಕೂತು ಅದೇ ಮೊದಲ ಶೀಟನ್ನು ನಾನೂ ಮಾಡಿದೆ. ಖಾಲಿ ಬಿಡಬೇಕು ಎಂದು ಹಟ ಹಿಡಿದು ಕೂತರೂ ಮೊದಲ ದಿನ ಚಿಕ್ಕಮ್ಮ ಒಳಗೆ ಬಂದಳು, ಎರಡನೇ ದಿನ ಚಿಕ್ಕಪ್ಪ ಬಂದ, ಮೂರನೇ ದಿನ ಮೂಲೆಯಲ್ಲೊಂದು ದೀಪ ಬಂತು. ಮದುಮಗಳನ್ನೂ ಅಜ್ಜಿಯನ್ನೂ ಕರೆಸಿ ಎರಡೂ ಶೀಟುಗಳನ್ನು ಯಾರು ಮಾಡಿದ್ದು ಎಂದು ಹೇಳದೆ ತೋರಿಸಿದೆ. ಯಜಮಾನರು ಬಾಗಿಲ ಹತ್ತಿರ ನಿಂತಿದ್ದರು.

"ಈಕಿ ಚಿಕ್ಕವ್ವ ಕಾಣತಾಳ ನೋಡಬೇ ಇದರಾಗ. ಇದ ಇರ್ಲಿ" ಎಂದಳು ಅಜ್ಜಿ, ನನ್ನದನ್ನು ತೋರಿಸಿ. ನಾನು ಯಜಮಾನರ ಕಡೆ ನೋಡಿದೆ. ಮದುಮಗಳು ಮಾತ್ರ ಇನ್ನೊಂದರ ಹತ್ತಿರ ಬಾಗಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ನಂಗ ಇದು ಬೇಕ್ರಿ ಅಕ್ಕಾರ. ಇದರಾಗ ನಾನ ಅದೀನಿ."

ಆಲ್ಬಮ್ಮು ಅವಳದು. "ಇದು ಕುಷ್ಟಗಿಯವರು ಮಾಡಿದ್ದವಾ" ಎಂದೆ. ನನ್ನದೆಂದು ಹೇಳಿಕೊಳ್ಳುವಷ್ಟು ಕೆಳಗೆ ನಾನು ಇಳಿಯಲಿಲ್ಲ, ಇಳಿಯಬೇಕೆಂದು ಮನಸ್ಸಾಗಿದ್ದು ಮಾತ್ರ ನಿಜ.

ಈಗ ನಾನೇ ಅವಳ ಜೊತೆ ವ್ಯವಹರಿಸುತ್ತೇನೆ. ಕಂಪ್ಯೂಟರಿನಿಂದ ಯಜಮಾನರ ನಂಬರು ತೆಗೆಸಿ ನನ್ನದನ್ನು ಜೋಡಿಸಿಕೊಂಡೆ. ಮದುಮಗಳ ಶೀಟುಗಳು ಕುಷ್ಟಗಿಯಿಂದ ಬರುತ್ತವೆ, ಆಯೇರಿ ಇಲ್ಲಿ ಆಗುತ್ತದೆ, ನಾನು ಎರಡನ್ನೂ ಸೇರಿಸುತ್ತೇನೆ. ಬಿಡಿಸಿ ನೋಡಲು ಬರುವಂತಹ ಫೈಲು ಕಳಿಸಿ ಎಂದು ಕೇಳಿದೆ, ಒಂದು ಮಾತೂ ಆಡದೆ ಕಳಿಸಿದಳು. ಅವಳು ಏನು ತೆಗೆದಳು, ಎಲ್ಲಿ ನಿಲ್ಲಿಸಿದಳು ಎಂದು ಪದರ ಪದರ ಬಿಡಿಸಿ ನೋಡಿ ಕಲಿಯುತ್ತಿದ್ದೇನೆ. ಒಂದು ದಿನ ಅವಳೂ ಕೇಳಿದಳು: "ಅಕ್ಕಾರ, ಆಯೇರಿ ಪೇಜ್ ನನಗ ಬರೂದೇ ಇಲ್ರಿ. ಯಾರು ದೊಡ್ಡವರು, ಯಾರು ಸಣ್ಣವರು ಹೆಂಗ ಗೊತ್ತಾಗತೈತ್ರಿ ನಿಮಗ?" ಅದಕ್ಕೊಂದು ಗುರುತಿದೆ, ಪ್ರತಿ ಫೋಟೋದಲ್ಲೂ ಇರುತ್ತದೆ. ಅವಳಿಗೆ ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ.

ಮೂಲೆಯ ಚೌಕಗಳ ಬಗ್ಗೆ ನನಗೆ ಈಗ ಒಂದು ಅಭಿಪ್ರಾಯವಿದೆ. ಒಬ್ಬ ಮನುಷ್ಯ ಪರದೆಯನ್ನೆಲ್ಲ ಒಂದೇ ಕೆಲಸಕ್ಕೆ ಕೊಟ್ಟು ಕೂತಿದ್ದಾನೆ ಎಂದರೆ ಕಂಪ್ಯೂಟರು ಅದನ್ನು ಬಾಗಿಲು ಹಾಕಿದ್ದು ಎಂದೇ ತಿಳಿಯಬೇಕು. ಬಂದವರು ಹೊರಗೆ ಕಾಯಲಿ. ಒಳಗೆ ಬರಲೇಬೇಕಾದರೆ ಪೂರ್ತಿ ಬರಲಿ, ಅರ್ಧ ಮಾತಾಡಿ ಓಡಿಹೋಗುವುದು ಬೇಡ. ಯಾರ ಮೆಸೇಜಿನ ಮುಂದೆ ಯಾರು ಕೂತಿದ್ದಾರೆ ಎಂದು ತಿಳಿಯದೆ ಬಾಯಿ ಬಿಡುವುದಂತೂ ಬೇಡವೇ ಬೇಡ. ಈ ಚೌಕಗಳನ್ನು ಮಾಡುವವರಿಗೆ ಯಾರಾದರೂ ತಿಳಿಸಿದರೆ ಒಳ್ಳೆಯದು.

ಮೊನ್ನೆ ಆ ಸೆಟ್ಟಿಂಗನ್ನು ಮತ್ತೆ ಮುಚ್ಚಲು ಹೋದೆ. ಎಲ್ಲರನ್ನೂ ತಡೆದರೂ ಯಾರ ಮೆಸೇಜು ಮಾತ್ರ ಬರಬೇಕು ಎಂದು ಅದು ಕೇಳಿತು, ಹೆಸರು ತುಂಬಲು ಒಂದು ಜಾಗ ಇತ್ತು. ಹಾಸ್ಟೆಲ್ಲಿನಲ್ಲಿರುವ ಮಕ್ಕಳು ಬೇಕಿದ್ದರೆ ಫೋನೇ ಮಾಡುತ್ತಾರೆ. ಯಜಮಾನರ ಹೆಸರು ಹಾಕಬೇಕು ಎಂದುಕೊಂಡೆ, ಹಾಕಲಿಲ್ಲ. ಒಂದೇ ಒಂದು ಹೆಸರು ಹಾಕಿದೆ. ಈಗ ನಾನು ಎಷ್ಟೇ ಮುಳುಗಿ ಕೂತಿದ್ದರೂ ಮೂಲೆಯಲ್ಲಿ ಚೌಕ ಎದ್ದರೆ ಅದು ಕುಷ್ಟಗಿಯವಳದೇ, ಹೊಸ ಶೀಟು ಬಂದಿದೆ ಎಂದೇ ಅರ್ಥ. ಕೈಯಲ್ಲಿದ್ದ ಕೆಲಸ ಬಿಟ್ಟು ಆಗಲೇ ತೆರೆಯುತ್ತೇನೆ. ಇದಾದರೂ ಕೆಟ್ಟಿರಲಿ ಎಂದುಕೊಂಡೇ ತೆರೆಯುತ್ತೇನೆ. ಇನ್ನೂ ಒಂದೂ ಕೆಟ್ಟದ್ದು ಬಂದಿಲ್ಲ.